ಹಾಳೆಯನ್ನು ದೂರುವ ಮುಂಚೆ ತಳ ನೋಡಿ: ತೆಳು ಟ್ರಾನ್ಸಿಸ್ಟರ್‌ಗಳ ವಿಕಿರಣ ಪರೀಕ್ಷೆ ಮಾಡುವ ಬಗೆ

ಮಾಲಿಬ್ಡಿನಮ್ ಡೈಸಲ್ಫೈಡಿನ ಒಂದು ಪದರದ ದಪ್ಪ 0.65 ನ್ಯಾನೋಮೀಟರ್. ಇಷ್ಟು ತೆಳುವಾದ ಹಾಳೆಯಿಂದ ಮಾಡಿದ ಟ್ರಾನ್ಸಿಸ್ಟರ್ ಬಾಹ್ಯಾಕಾಶದ ವಿಕಿರಣಕ್ಕೆ ತಾಳುತ್ತದೆಯೇ ಎಂದು ಪರೀಕ್ಷಿಸಲು ಹೊರಟಿರುವ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಮತ್ತು ಭೌತಶಾಸ್ತ್ರ ವಿದ್ಯಾರ್ಥಿಗಳಿಗೆ, ಅವರಿಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರಿಗೆ ಈ ಬರಹ. ಮಾದರಿ ತಯಾರಿಯಿಂದ ಹಿಡಿದು ಫಲಿತಾಂಶ ಓದುವವರೆಗೆ ಬೇಕಾದ ಅಳತೆಗಳು ಇಲ್ಲಿವೆ.

ಈ ಕೆಲಸದಲ್ಲಿ ಬಹಳ ಮಂದಿ ಎಡವುವುದು ಒಂದೇ ಜಾಗದಲ್ಲಿ. ಗಾಮಾ ಕಿರಣಕ್ಕೆ ಒಡ್ಡಿದರು, ಗೇಟ್ ವೋಲ್ಟೇಜಿಗೆ ತಕ್ಕಂತೆ ಕರೆಂಟ್ ಹೇಗೆ ಏರುತ್ತದೆಂದು ತೋರಿಸುವ ಕರ್ವ್ ಸರಿಯಿತು, ‘ಹಾಳೆಗೆ ಹಾನಿ’ ಎಂದು ವರದಿ ಬರೆದರು. ರೊಟ್ಟಿ ಹೊತ್ತಿದರೆ ಹಿಟ್ಟನ್ನು ಬೈಯುವ ಮುಂಚೆ ಹಂಚಿನ ಕಾವು ನೋಡುತ್ತೇವಲ್ಲ, ಹಾಗೆಯೇ ಇಲ್ಲಿಯೂ ಮೊದಲು ನೋಡಬೇಕಾದ್ದು ಹಾಳೆಯನ್ನು ಕೆಳಗಿನ ಸಿಲಿಕಾನ್ ಗೇಟಿನಿಂದ ಬೇರ್ಪಡಿಸುವ ಆಕ್ಸೈಡ್ ಪದರ ಮತ್ತು ಹಾಳೆಯ ಮೈಗೆ ಅಂಟಿದ ಗಾಳಿಯ ತೇವ.

ಲೆಕ್ಕ ಹಾಕಿದರೆ ಇದು ನಿಚ್ಚಳವಾಗುತ್ತದೆ. 10 ಮೈಕ್ರೋಮೀಟರ್ ಉದ್ದ, 10 ಮೈಕ್ರೋಮೀಟರ್ ಅಗಲದ ಒಂದು ಪದರ ತೆಗೆದುಕೊಳ್ಳಿ. 100 ಗ್ರೇ ಡೋಸ್ ಕೊಡಿ (ಒಂದು ಕಿಲೋಗ್ರಾಂ ವಸ್ತುವಿನಲ್ಲಿ ಒಂದು ಜೂಲ್ ಶಕ್ತಿ ಇಂಗಿದರೆ 1 ಗ್ರೇ). ಹಾಳೆಯ ತೂಕ ಎಷ್ಟು ಕಡಿಮೆಯೆಂದರೆ ಅದರಲ್ಲಿ ಇಂಗುವ ಒಟ್ಟು ಶಕ್ತಿ ಸುಮಾರು 2 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಅದರಿಂದ ಹುಟ್ಟುವ ಎಲೆಕ್ಟ್ರಾನ್-ಹೋಲ್ ಜೋಡಿಗಳು (ಎಲೆಕ್ಟ್ರಾನ್ ಬಿಟ್ಟುಹೋದ, ಧನಾವೇಶದ ಖಾಲಿ ಜಾಗವೇ ಹೋಲ್) ಕೆಲವು ಹತ್ತು ಸಾವಿರ ಮಾತ್ರ. ಅವೂ ಹುಟ್ಟಿದ ಕೂಡಲೇ ಒಂದರಲ್ಲೊಂದು ಸೇರಿ ಮಾಯವಾಗುತ್ತವೆ. ಅದೇ ಹಾಳೆಯ ಕೆಳಗಿರುವ 300 ನ್ಯಾನೋಮೀಟರ್ ಸಿಲಿಕಾನ್ ಡೈಆಕ್ಸೈಡಿನಲ್ಲಿ ಒಂದು ಜೋಡಿ ಹುಟ್ಟಲು 17 ಎಲೆಕ್ಟ್ರಾನ್ ವೋಲ್ಟ್ ಬೇಕು. ಆ ಲೆಕ್ಕದಲ್ಲಿ ಅಲ್ಲಿ 24 ಲಕ್ಷ ಜೋಡಿಗಳು ಹುಟ್ಟುತ್ತವೆ. ಎಲೆಕ್ಟ್ರಾನುಗಳು ಬೇಗ ಹೊರಬೀಳುತ್ತವೆ, ಹೋಲ್‌ಗಳು ನಿಧಾನ. ಅವುಗಳಲ್ಲಿ ಒಂದಷ್ಟು ಆಕ್ಸೈಡಿನ ಕೊರತೆಗಳಲ್ಲಿ ಸಿಕ್ಕಿ ಕೂತುಬಿಡುತ್ತವೆ. ಹಾಗೆ ಕೂತ ಧನಾವೇಶವೇ ಮೇಲಿನ ಟ್ರಾನ್ಸಿಸ್ಟರಿನ ಥ್ರೆಷೋಲ್ಡ್ ಅನ್ನು, ಅಂದರೆ ಅದು ಚಾಲೂ ಆಗುವ ಗೇಟ್ ವೋಲ್ಟೇಜನ್ನು, ಎಡಕ್ಕೆ (ಮೈನಸ್ ಕಡೆಗೆ) ಎಳೆಯುವುದು.

ಪರಮಾಣುಗಳು ಕಿತ್ತುಹೋಗುವ ಮಾತೂ ಹೀಗೆಯೇ. ಟೇಪಿನಿಂದ ಸುಲಿದ ಮಾಲಿಬ್ಡಿನಮ್ ಡೈಸಲ್ಫೈಡಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 10¹³ ಗಂಧಕದ ಖಾಲಿ ಜಾಗಗಳು ಹುಟ್ಟಿನಿಂದಲೇ ಇರುತ್ತವೆ. ನಮ್ಮ ಪುಟ್ಟ ಚೌಕದಲ್ಲಿ ಅದು ಒಂದು ಕೋಟಿ. ಗಾಮಾ ಕಿರಣ ಹೊಡೆದೆಬ್ಬಿಸಿದ ಎಲೆಕ್ಟ್ರಾನುಗಳು ಇನ್ನೊಂದಷ್ಟು ಗಂಧಕವನ್ನು ಕಿತ್ತರೂ ಆ ಕೋಟಿಯ ಮುಂದೆ ಅದು ಕಣ್ಣಿಗೆ ಕಾಣದು. ಆದ್ದರಿಂದ ‘ಗಂಧಕ ಹೋಯಿತು, ಅದಕ್ಕೇ ಕರೆಂಟ್ ಬದಲಾಯಿತು’ ಎನ್ನಬೇಕಾದರೆ, ಚದುರಿದ ಲೇಸರ್ ಬೆಳಕಿನಿಂದ ಪರಮಾಣು ಜಾಲರಿಯ ಕಂಪನ ಓದುವ ರಾಮನ್ ಅಳತೆಯ ಸಾಕ್ಷಿ ಕೈಯಲ್ಲಿರಬೇಕು.

ಡೋಸ್ ಎಷ್ಟು ಕೊಡಬೇಕು

ಮೊದಲು ಕಕ್ಷೆ ಗೊತ್ತುಮಾಡಿ, ಆಮೇಲೆ ಡೋಸ್. 1 ಗ್ರೇ ಎಂದರೆ ಹಳೆಯ ಲೆಕ್ಕದ 100 ರಾಡ್. ಬಾಹ್ಯಾಕಾಶದವರು ಇಂದಿಗೂ ಕಿಲೋರಾಡಿನಲ್ಲಿ ಮಾತಾಡುತ್ತಾರೆ, ಹಾಗಾಗಿ 10 ಗ್ರೇ ಎಂದರೆ ಒಂದು ಕಿಲೋರಾಡ್ ಎಂಬುದು ಬಾಯಲ್ಲೇ ಇರಲಿ. 3 ಮಿಲಿಮೀಟರ್ ಅಲ್ಯೂಮಿನಿಯಂ ಹಿಂದೆ ಭೂಸ್ಥಿರ ಕಕ್ಷೆಯಲ್ಲಿ ಹತ್ತು ವರ್ಷಕ್ಕೆ ಸಾವಿರ ಗ್ರೇಯ ಆಸುಪಾಸಿನ ಲೆಕ್ಕ ಬರುತ್ತದೆ. ಕೆಳ ಕಕ್ಷೆಯಲ್ಲಿ ಕೆಲವು ವರ್ಷಕ್ಕೆ ಹತ್ತಾರು ಗ್ರೇಯಿಂದ ನೂರರ ಆಚೀಚೆ. ನಿಮ್ಮ ಕಕ್ಷೆಯ ಎತ್ತರ, ಓರೆ, ಕವಚದ ದಪ್ಪ ಹಾಕಿ ಸ್ಪೆನ್ವಿಸ್ ಎಂಬ ಯುರೋಪಿನ ಉಚಿತ ಲೆಕ್ಕಾಚಾರ ತಾಣದಲ್ಲಿ ನೋಡಿಕೊಳ್ಳಿ.

ಇಸ್ರೋ 2022ರ ಜೂನ್‌ನಲ್ಲಿ ಪಿಎಸ್ಎಲ್‌ವಿ-ಸಿ53 ಉಡಾವಣೆಯ ನಾಲ್ಕನೇ ಹಂತವನ್ನೇ ಪೋಯಮ್ ಎಂಬ ಪ್ರಯೋಗ ವೇದಿಕೆಯಾಗಿ ಬಳಸಲು ಶುರುಮಾಡಿದ ಮೇಲೆ ಕಾಲೇಜುಗಳ ಕಣ್ಣು ಅತ್ತ ಹೊರಳಿದೆ. ಅಂಥ ಕೆಲವು ವಾರ, ತಿಂಗಳುಗಳ ಪ್ರಯೋಗಕ್ಕೆ ಒಟ್ಟು ಡೋಸ್ ದೊಡ್ಡ ತಲೆನೋವಲ್ಲ. 350ರಿಂದ 500 ಕಿಲೋಮೀಟರ್ ಎತ್ತರದಲ್ಲಿ ಒಂಟಿ ಆಮ್ಲಜನಕ ಪರಮಾಣುಗಳು ತೆರೆದ ಹಾಳೆಯನ್ನು ಉಣ್ಣುತ್ತವೆ. ವಿಕಿರಣಕ್ಕಿಂತ ಮೊದಲು ಅದಕ್ಕೆ ಮುಚ್ಚಳ ಹುಡುಕಬೇಕು.

ಪರೀಕ್ಷೆಗೆ ಹಂತಗಳು: 10, 30, 100, 300, 1000 ಗ್ರೇ. ಇವು ಕೂಡುತ್ತ ಹೋಗುವ ಡೋಸ್‌ಗಳು. ಪ್ರತಿ ಹಂತಕ್ಕೂ ಹೊಸ ಮಾದರಿ ಬೇಡ; ಅದೇ ಟ್ರಾನ್ಸಿಸ್ಟರನ್ನು ಮತ್ತೆ ಮತ್ತೆ ಒಡ್ಡಿ ಅಳೆಯಬೇಕು. ಒಂದು ಹಾಳೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಎಷ್ಟೋ ಸಲ ವಿಕಿರಣದ ಪರಿಣಾಮಕ್ಕಿಂತ ದೊಡ್ಡದು.

ಮಾದರಿಗಳು

ಇಡೀ ಪ್ರಯೋಗದ ಜೀವಾಳ ಎರಡು ದಪ್ಪದ ಆಕ್ಸೈಡ್. ಒಂದೇ ದಪ್ಪದ ವೇಫರ್ ಇಟ್ಟುಕೊಂಡು ಹೊರಟರೆ ಕೊನೆಗೆ ಯಾರನ್ನು ದೂರಬೇಕೋ ತಿಳಿಯುವುದಿಲ್ಲ. ಹೆಚ್ಚು ಡೋಪ್ ಮಾಡಿದ ಸಿಲಿಕಾನ್ ಮೇಲೆ ಒಣ ವಿಧಾನದಲ್ಲಿ ಬೆಳೆಸಿದ 300 ನ್ಯಾನೋಮೀಟರ್ ಆಕ್ಸೈಡಿನ ಒಂದು ವೇಫರ್, 90 ನ್ಯಾನೋಮೀಟರಿನ ಇನ್ನೊಂದು. ಎರಡರ ಮೇಲೂ ಒಂದು ಪದರದ ಹಾಳೆ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ, ಆ ದಪ್ಪಗಳನ್ನು ಆರಿಸುವುದಕ್ಕೆ ಅದೂ ಒಂದು ಕಾರಣ. ಹತ್ತು ಮಿಲಿಮೀಟರ್ ಚೌಕಗಳಾಗಿ ಕತ್ತರಿಸಿ.

ಪದರದ ಎಣಿಕೆಯನ್ನು ರಾಮನ್‌ನಲ್ಲಿ ಖಚಿತಪಡಿಸಿ. ಮಾಲಿಬ್ಡಿನಮ್ ಡೈಸಲ್ಫೈಡಿನ ಎರಡು ಮುಖ್ಯ ಶಿಖರಗಳು 384 ಮತ್ತು 403 cm⁻¹ರ ಹತ್ತಿರ ಬರುತ್ತವೆ. ಅವುಗಳ ನಡುವಿನ ಅಂತರ 18ರಿಂದ 19 ಇದ್ದರೆ ಒಂದು ಪದರ, 25ರ ಸುತ್ತ ಹೋದರೆ ದಪ್ಪ ತುಂಡು. ಲೇಸರ್ ಶಕ್ತಿ ಅರ್ಧ ಮಿಲಿವ್ಯಾಟ್ ಮೀರದಿರಲಿ, ಹಾಳೆ ಸುಟ್ಟೀತು.

ಎಲೆಕ್ಟ್ರೋಡಿಗೆ 5 ನ್ಯಾನೋಮೀಟರ್ ಟೈಟೇನಿಯಂ, ಮೇಲೆ 50 ನ್ಯಾನೋಮೀಟರ್ ಚಿನ್ನ. ಚಾನೆಲ್ ಉದ್ದ 2ರಿಂದ 5 ಮೈಕ್ರೋಮೀಟರ್. ಒಂದೇ ಹಾಳೆಯ ಮೇಲೆ ಬೇರೆ ಬೇರೆ ಉದ್ದದ ಮೂರು ಚಾನೆಲ್ ಬರುವ ಹಾಗೆ ಎಲೆಕ್ಟ್ರೋಡುಗಳನ್ನಿಟ್ಟರೆ ಮುಂದೆ ಸಂಪರ್ಕದ ರೋಧವನ್ನು ಬೇರ್ಪಡಿಸಲು ಬರುತ್ತದೆ. ನಮ್ಮ ಕಡೆ ಇಂಥ ಕ್ಲೀನ್‌ರೂಮ್ ಇಲ್ಲದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಹೊರಗಿನ ಸಂಶೋಧಕರಿಗಾಗಿಯೇ ನಡೆಯುವ ಐಎನ್‌ಯುಪಿ ಯೋಜನೆಗೆ ಅರ್ಜಿ ಹಾಕಬಹುದು.

ಇಲ್ಲಿ ಒಂದು ಎಚ್ಚರಿಕೆಯನ್ನು ದಪ್ಪಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ಪರೀಕ್ಷೆಗಿಟ್ಟ ಟ್ರಾನ್ಸಿಸ್ಟರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಬೇಡಿ. 30 ಕಿಲೋವೋಲ್ಟಿನಲ್ಲಿ ಎಲೆಕ್ಟ್ರಾನ್ ಕಿರಣದಿಂದ ಗೆರೆ ಬರೆಯುವಾಗ ಆಕ್ಸೈಡಿಗೆ ಬೀಳುವ ಡೋಸ್ ಲಕ್ಷಾಂತರ ಗ್ರೇ. ಸಾವಿರ ಗ್ರೇ ಪರೀಕ್ಷೆಗೆ ಹೊರಟ ವಸ್ತು ಮನೆಯಿಂದ ಹೊರಡುವ ಮುನ್ನವೇ ಅದರ ನೂರಾರು ಪಟ್ಟು ಉಂಡಿರುತ್ತದೆ. ಸಾಧ್ಯವಾದರೆ ಎಲೆಕ್ಟ್ರೋಡಿನ ಆಕಾರ ಬರೆಯುವ ಲಿಥೋಗ್ರಫಿಯನ್ನೂ ಬೆಳಕಿನ ವಿಧಾನದಲ್ಲೇ ಮಾಡಿ. ಎಲೆಕ್ಟ್ರಾನ್ ಕಿರಣವೇ ಗತಿಯಾದರೆ ಅದನ್ನು ವರದಿಯಲ್ಲಿ ಬರೆಯಿರಿ.

ಎಲೆಕ್ಟ್ರೋಡ್ ಆದ ಮೇಲೆ ನಿರ್ವಾತದಲ್ಲಿ 200 ಡಿಗ್ರಿಗೆ ಎರಡು ಗಂಟೆ ಕಾಯಿಸಿ, ತೇವ ಮತ್ತು ಲಿಥೋಗ್ರಫಿಗೆ ಬಳಿದ ರೆಸಿಸ್ಟಿನ ಅಂಟು ಇಳಿಯಲಿ. ಅರ್ಧ ಮಾದರಿಗಳ ಮೇಲೆ 30 ನ್ಯಾನೋಮೀಟರ್ ಅಲ್ಯೂಮಿನಾವನ್ನು ಪರಮಾಣು ಪದರ ವಿಧಾನದಲ್ಲಿ ಹೊದಿಸಿ, ಇನ್ನರ್ಧ ತೆರೆದಿರಲಿ. ಅಲ್ಯೂಮಿನಾ ಹೊದಿಸಿದಾಗ ಥ್ರೆಷೋಲ್ಡ್ ತಾನಾಗಿಯೇ ಎಡಕ್ಕೆ ಬಹಳಷ್ಟು ಜರುಗುತ್ತದೆ, ಆ ಪದರದಲ್ಲೇ ಧನಾವೇಶ ಇರುವುದರಿಂದ. ಆದ್ದರಿಂದ ಮೂಲ ಅಳತೆಯನ್ನು ಹೊದಿಸಿದ ಮೇಲೆಯೇ ಮಾಡಬೇಕು.

ಗುಂಪುಗಳನ್ನು ಹೀಗೆ ಹಂಚಿ. ಗೇಟಿಗೆ ವೋಲ್ಟೇಜ್ ಕೊಟ್ಟು ಗಾಮಾಕ್ಕೆ ಒಡ್ಡುವವು ನಾಲ್ಕು. ಎಲ್ಲ ಕಾಲುಗಳನ್ನು ಒಂದಕ್ಕೊಂದು ಜೋಡಿಸಿ ಗಾಮಾಕ್ಕೆ ಒಡ್ಡುವವು ನಾಲ್ಕು. ಜೊತೆಗೇ ಪ್ರಯಾಣ ಮಾಡಿ, ಅದೇ ಡಬ್ಬಿಯಲ್ಲಿ ಅಷ್ಟೇ ಹೊತ್ತು ಕೂತು, ಕಿರಣ ಮಾತ್ರ ಕಾಣದವು ನಾಲ್ಕು. ಕಾಲೇಜಿನ ಡೆಸಿಕೇಟರಿನಲ್ಲೇ ಉಳಿಯುವವು ನಾಲ್ಕು. ಎರಡು ಆಕ್ಸೈಡಿಗೂ ಸೇರಿ ಮೂವತ್ತೆರಡು. ಮೂರನೇ ಗುಂಪು ಯಾಕೆ ಬೇಕು ಎಂದು ಕೇಳುವವರಿಗೆ: ಜುಲೈ ತಿಂಗಳ ಬೆಳಗಾವಿಯ ಮಳೆಯಲ್ಲಿ ತೆರೆದ ಹಾಳೆಯ ಹಿಸ್ಟೆರಿಸಿಸ್ (ಗೇಟ್ ವೋಲ್ಟೇಜ್ ಹತ್ತಿಸುವಾಗಿನ ಮತ್ತು ಇಳಿಸುವಾಗಿನ ಕರ್ವ್‌ಗಳ ನಡುವಿನ ಅಂತರ) ಗಾಮಾ ಕಿರಣದ ನೆರವಿಲ್ಲದೆಯೂ ಅಗಲವಾಗುತ್ತದೆ.

ಮಳೆಯದು ಒಂದು ಕಾಟ, ಬೇಸಿಗೆಯದು ಇನ್ನೊಂದು. ವಿಜಯಪುರದ ಏಪ್ರಿಲ್, ಮೇ ತಿಂಗಳ ಒಣ ಹವೆಯಲ್ಲಿ ಸಿಂಥೆಟಿಕ್ ಬಟ್ಟೆ ತೊಟ್ಟು ನಾಲ್ಕು ಹೆಜ್ಜೆ ನಡೆದರೆ ಮೈಯಲ್ಲಿ ಸಾವಿರಾರು ವೋಲ್ಟ್ ಸ್ಥಾಯಿ ವಿದ್ಯುತ್ ಕೂಡುತ್ತದೆ. 90 ನ್ಯಾನೋಮೀಟರ್ ಆಕ್ಸೈಡ್ ಸುಮಾರು 90 ವೋಲ್ಟಿಗೆ ಸಿಡಿಯುತ್ತದೆ. ತಂತಿ ಬೆಸೆದ ಸೆರಾಮಿಕ್ ಪ್ಯಾಕೇಜನ್ನು ಯಾವಾಗಲೂ ಕರಿಯ ವಾಹಕ ಸ್ಪಂಜಿಗೆ ಚುಚ್ಚಿಟ್ಟೇ ಸಾಗಿಸಿ, ಮುಟ್ಟುವಾಗ ಮಣಿಕಟ್ಟಿಗೆ ಅರ್ತ್ ಪಟ್ಟಿ ಇರಲಿ, ಹತ್ತಿ ಬಟ್ಟೆ ಉಡಿ. ಗೇಟಿನ ಸೋರಿಕೆ ಒಂದು ನ್ಯಾನೋಆಂಪಿಯರ್ ದಾಟಿದ ಮಾದರಿಯನ್ನು ಮೊದಲೇ ತೆಗೆದುಹಾಕಿ.

ಮೂಲ ಅಳತೆ

ಕತ್ತಲಲ್ಲಿ ಅಳೆಯಿರಿ. ಮೈಕ್ರೋಸ್ಕೋಪಿನ ದೀಪ ಬಿದ್ದ ಹಾಳೆಯಲ್ಲಿ ಆ ಬೆಳಕಿನ ಕರೆಂಟ್ ಗಂಟೆಗಟ್ಟಲೆ ಉಳಿಯುತ್ತದೆ. ಇಡೀ ರಾತ್ರಿ ಕತ್ತಲಲ್ಲಿಟ್ಟು ಬೆಳಿಗ್ಗೆ ಶುರುಮಾಡಿ. ಡ್ರೇನಿಗೆ 0.1 ವೋಲ್ಟ್. 300 ನ್ಯಾನೋಮೀಟರಿನ ಮೇಲೆ ಗೇಟನ್ನು ಮೈನಸ್ 60ರಿಂದ ಪ್ಲಸ್ 60ಕ್ಕೆ ಒಂದೊಂದು ವೋಲ್ಟಿನ ಹೆಜ್ಜೆಯಲ್ಲಿ, ಪ್ರತಿ ಹೆಜ್ಜೆಗೆ 100 ಮಿಲಿಸೆಕೆಂಡ್ ನಿಲ್ಲಿಸಿ ಹತ್ತಿಸಿ, ಅದೇ ವೇಗದಲ್ಲಿ ಇಳಿಸಿ. 90 ನ್ಯಾನೋಮೀಟರಿಗೆ ಮೈನಸ್ 18ರಿಂದ ಪ್ಲಸ್ 18, ಹೆಜ್ಜೆ 0.3 ವೋಲ್ಟ್, ಆಗ ಎರಡರಲ್ಲೂ ವಿದ್ಯುತ್ ಕ್ಷೇತ್ರ ಒಂದೇ. ಈ ವೇಗವನ್ನು ಪರೀಕ್ಷೆ ಮುಗಿಯುವವರೆಗೆ ಬದಲಿಸಬೇಡಿ. ವೇಗ ಬದಲಾದರೆ ಹಿಸ್ಟೆರಿಸಿಸ್ ಬದಲಾಗುತ್ತದೆ, ಆಗ ನಿಮ್ಮ ಹೋಲಿಕೆಗೆ ಅರ್ಥವಿಲ್ಲ.

ಮೂರು ದಿನ, ದಿನಕ್ಕೆರಡು ಸಲ ಹೀಗೆ ಅಳೆದು ಥ್ರೆಷೋಲ್ಡ್ ತನ್ನಷ್ಟಕ್ಕೆ ಎಷ್ಟು ಓಲಾಡುತ್ತದೆ ಎಂದು ಬರೆದಿಡಿ. ಅರ್ಧ ವೋಲ್ಟ್ ಓಲಾಡುವ ಮಾದರಿಯಲ್ಲಿ ಮುಂದೆ 0.15 ವೋಲ್ಟಿನ ಬದಲಾವಣೆ ಕಂಡೆ ಎನ್ನಲು ಬಾರದು.

ಸೀಸದ ಡಬ್ಬಿ ಮತ್ತು ಬ್ಯಾಟರಿ

ಕೋಬಾಲ್ಟ್-60 ಹೊರಡಿಸುವ ಗಾಮಾ ಕಿರಣಗಳು 1.17 ಮತ್ತು 1.33 ಎಂಇವಿ (1 ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯವು. ಆದರೆ ಆ ಕೋಬಾಲ್ಟ್ ಇಟ್ಟಿರುವ ಗಾಮಾ ಚೇಂಬರಿನ ಗೋಡೆಗೆ ಬಡಿದು ಚದುರಿದ ಕಡಿಮೆ ಶಕ್ತಿಯ ಕಿರಣಗಳೂ ಅಲ್ಲಿ ಓಡಾಡುತ್ತವೆ. ಚಿನ್ನದಂಥ ಭಾರದ ಲೋಹದ ಪಕ್ಕದಲ್ಲಿ ಅವು ಡೋಸನ್ನು ಏರಿಸಿಬಿಡುತ್ತವೆ, ನಮ್ಮ ಎಲೆಕ್ಟ್ರೋಡೋ ಚಿನ್ನದ್ದೇ. ಅದಕ್ಕೆ ಹೊರಗೆ ಕನಿಷ್ಠ 1.5 ಮಿಲಿಮೀಟರ್ ಸೀಸ, ಒಳಗೆ 0.7ರಿಂದ 1 ಮಿಲಿಮೀಟರ್ ಅಲ್ಯೂಮಿನಿಯಂ ಇರುವ ಡಬ್ಬಿಯಲ್ಲಿ ಮಾದರಿಯನ್ನಿಡಬೇಕು. ಅಮೆರಿಕದ ಮಿಲಿಟರಿ ಮಾನದಂಡ 883ರ 1019ನೇ ವಿಧಾನ ಕೇಳುವುದೂ ಇದನ್ನೇ. ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಇರುವ ಯಾವ ವರ್ಕ್‌ಶಾಪಿನಲ್ಲಾದರೂ ಒಳಗಿನ ಅಲ್ಯೂಮಿನಿಯಂ ಡಬ್ಬಿ ತಿರುವಿಸಿಕೊಳ್ಳಬಹುದು. 2 ಮಿಲಿಮೀಟರ್ ಸೀಸದ ಹಾಳೆಯನ್ನು ಹೊರಗೆ ಸುತ್ತಿ, ಅಂಚು ಒಂದರ ಮೇಲೊಂದು ಬರುವ ಹಾಗೆ ಬಡಿಯಿರಿ. ಸೀಸ ಮುಟ್ಟಿದ ಕೈ ತೊಳೆಯದೆ ಉಣ್ಣಬೇಡಿ.

ಗೇಟಿಗೆ ವೋಲ್ಟೇಜ್ ಕೊಟ್ಟೇ ಒಡ್ಡಬೇಕು. ಕೆಳಗಿನ ಸಿಲಿಕಾನ್ ಗೇಟ್ ಪ್ಲಸ್ ಇದ್ದಾಗ ಆಕ್ಸೈಡಿನ ಹೋಲ್‌ಗಳು ಅದರಿಂದ ದೂರ, ಅಂದರೆ ಮೇಲಕ್ಕೆ, ಹಾಳೆಯ ಕಡೆಗೆ ಓಡುತ್ತವೆ. ಹಾಳೆಗೆ ತಾಗಿದಂತೆ ಸಿಕ್ಕಿಬಿದ್ದ ಆವೇಶದ ಪ್ರಭಾವ ಅತಿ ಹೆಚ್ಚು. ವೋಲ್ಟೇಜ್ ಇಲ್ಲದಿದ್ದರೆ ಬಹುಪಾಲು ಜೋಡಿಗಳು ಹುಟ್ಟಿದಲ್ಲೇ ಸೇರಿಹೋಗುತ್ತವೆ, ಸಾಧನ ಗಟ್ಟಿಮುಟ್ಟು ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ಕಕ್ಷೆಯಲ್ಲಿ ನಿಮ್ಮ ಸರ್ಕ್ಯೂಟ್ ಚಾಲೂ ಇರುತ್ತದೆಯಲ್ಲವೇ?

ಚೇಂಬರಿಗೆ ಕೇಬಲ್ ಒಯ್ಯುವ ಕಂಡಿ ಇದೆಯೇ ಎಂದು ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಡಬ್ಬಿಯೊಳಗೇ 9 ವೋಲ್ಟಿನ ಬ್ಯಾಟರಿ ಇಟ್ಟುಬಿಡಿ. 90 ನ್ಯಾನೋಮೀಟರಿಗೆ ಒಂದು ಬ್ಯಾಟರಿ, 300ಕ್ಕೆ ಸಾಲಾಗಿ ಮೂರು ಬ್ಯಾಟರಿ, ಅಂದರೆ 27 ವೋಲ್ಟ್. ಎರಡರಲ್ಲೂ ಕ್ಷೇತ್ರ ಸೆಂಟಿಮೀಟರಿಗೆ ಒಂದು ಮೆಗಾವೋಲ್ಟಿನ ಹತ್ತಿರ ಬರುತ್ತದೆ. ಪ್ರತಿ ಗೇಟಿಗೂ 1 ಮೆಗಾಓಮ್ ರೆಸಿಸ್ಟರ್ ಸೇರಿಸಿ. ಒಂದು ಆಕ್ಸೈಡ್ ಸಿಡಿದರೂ ಉಳಿದವು ಬದುಕುತ್ತವೆ. ಒಳಗೆ ಹೋಗುವ ಮುಂಚೆ, ಹೊರಬಂದ ಮೇಲೆ ಬ್ಯಾಟರಿಯ ವೋಲ್ಟೇಜ್ ಬರೆದುಕೊಳ್ಳಿ. ತಂತಿಗೆ ಟೆಫ್ಲಾನ್ ಹೊದಿಕೆ ಬೇಡವೇ ಬೇಡ, ವಿಕಿರಣದಲ್ಲಿ ಅದು ಪುಡಿಯಾಗುವ ಜಾತಿ. ಪಾಲಿಇಮೈಡ್ ಟೇಪು, ಮಾಮೂಲಿ ಗಾಜುನಾರಿನ ಪಿಸಿಬಿ ಸಾಕು.

ಡೋಸನ್ನು ನೀವೇ ಅಳೆಯಿರಿ

ಚೇಂಬರಿನ ಪ್ರಮಾಣಪತ್ರದಲ್ಲಿರುವ ದರ ಅಂದಿನದು, ಇಂದಿನದಲ್ಲ. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ. ನಾಲ್ಕು ವರ್ಷದ ಹಿಂದಿನ ಪತ್ರದಲ್ಲಿ ಗಂಟೆಗೆ 4 ಕಿಲೋಗ್ರೇ ಎಂದಿದ್ದರೆ ಇಂದು ಅದರ 0.59 ಪಾಲು, 2.36 ಕಿಲೋಗ್ರೇ. ಇದು ನೀರಿಗೆ ಹೇಳಿದ ಡೋಸ್. ಸಿಲಿಕಾನ್‌ಗೆ 0.90ರಿಂದ ಗುಣಿಸಬೇಕು: 2.13 ಕಿಲೋಗ್ರೇ, ಸೆಕೆಂಡಿಗೆ 0.59 ಗ್ರೇ. 1019ನೇ ವಿಧಾನ ಕೇಳುವ ಸೆಕೆಂಡಿಗೆ 0.5ರಿಂದ 3 ಗ್ರೇ ಮಿತಿಯೊಳಗಿದೆ, ಸರಿ. 100 ಗ್ರೇಗೆ 169 ಸೆಕೆಂಡ್. ನೀರಿನ ಲೆಕ್ಕವನ್ನೇ ಸಿಲಿಕಾನ್‌ಗೂ ಹಿಡಿದು ಶೇಕಡಾ ಹತ್ತು ತಪ್ಪಿಸುವುದು ಬಹಳ ಕಡೆ ನಡೆಯುತ್ತದೆ.

ಸೀಸದ ಡಬ್ಬಿಯೊಳಗಿನ ನಿಜವಾದ ದರ ತಿಳಿಯಲು, ಡೋಸ್ ಬಿದ್ದಷ್ಟೂ ಹೆಚ್ಚು ಬೆಳಕು ಹೀರುವ ಫ್ರಿಕ್ ದ್ರಾವಣ ಬೇಕು; ಅದನ್ನು ಯಾವ ರಸಾಯನಶಾಸ್ತ್ರ ವಿಭಾಗದಲ್ಲಾದರೂ ಮಾಡಬಹುದು. ಫೆರಸ್ ಅಮೋನಿಯಂ ಸಲ್ಫೇಟ್ 0.392 ಗ್ರಾಂ, ಸೋಡಿಯಂ ಕ್ಲೋರೈಡ್ 0.058 ಗ್ರಾಂ ತೂಗಿ. ಅರ್ಧ ಲೀಟರ್ ಬಟ್ಟಿ ಇಳಿಸಿದ ನೀರಿಗೆ 22 ಮಿಲಿಲೀಟರ್ ಗಾಢ ಸಲ್ಫ್ಯೂರಿಕ್ ಆಮ್ಲವನ್ನು ನಿಧಾನವಾಗಿ ಬೆರೆಸಿ; ಆಮ್ಲಕ್ಕೆ ನೀರು ಹಾಕಿದರೆ ಸಿಡಿಯುತ್ತದೆ, ನೀರಿಗೇ ಆಮ್ಲ. ತಣಿದ ಮೇಲೆ ಉಪ್ಪುಗಳನ್ನು ಕರಗಿಸಿ ಒಂದು ಲೀಟರಿಗೆ ತನ್ನಿ. ಗಾಜಿನ ಸೀಸೆಯಲ್ಲಿ ಸಾಬೂನಿನ ಜಿಡ್ಡಿನ ಸುಳಿವೂ ಇರಬಾರದು, ಸಾವಯವ ಕಲ್ಮಶ ಇದ್ದರೆ ಡೋಸ್ ಹೆಚ್ಚು ತೋರಿಸುತ್ತದೆ.

ಈ ದ್ರಾವಣದ ಪುಟ್ಟ ಸೀಸೆಯನ್ನು ಮಾದರಿ ಕೂರುವ ಜಾಗದಲ್ಲೇ ಇಟ್ಟು 90, 150, 210, 270 ಸೆಕೆಂಡ್ ಒಡ್ಡಿ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 304 ನ್ಯಾನೋಮೀಟರಿಗೆ ಹೀರಿಕೆ ಎಷ್ಟು ಏರಿತೆಂದು ನೋಡಿ. ಒಂದು ಸೆಂಟಿಮೀಟರ್ ಕ್ಯುವೆಟ್‌ನಲ್ಲಿ, 25 ಡಿಗ್ರಿಯಲ್ಲಿ, ಆ ಏರಿಕೆಯನ್ನು 278ರಿಂದ ಗುಣಿಸಿದರೆ ನೀರಿನ ಡೋಸ್ ಗ್ರೇಯಲ್ಲಿ ಬರುತ್ತದೆ. 0.36 ಏರಿದರೆ 100 ಗ್ರೇ. 40ರಿಂದ 400 ಗ್ರೇ ನಡುವೆ ಮಾತ್ರ ಇದನ್ನು ನಂಬಿ.

ನಾಲ್ಕು ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ನೇರ ಗೆರೆ ಎಳೆದಾಗ ಅದು ಸೊನ್ನೆಯಲ್ಲಿ ಹುಟ್ಟುವುದಿಲ್ಲ. ಸೊನ್ನೆ ಸೆಕೆಂಡಿನಲ್ಲಿ ಕಾಣುವ ಆ ಎತ್ತರವೇ ಮಾದರಿ ಕೆಳಗಿಳಿದು ಮೇಲೇರುವಾಗ ಬೀಳುವ ಡೋಸ್. ಅದು 6 ಗ್ರೇ ಬಂತೆನ್ನಿ. ನಿಮ್ಮ ಮೊದಲ ಹಂತ 10 ಗ್ರೇ. ಅರ್ಧಕ್ಕಿಂತ ಹೆಚ್ಚು ದಾರಿಯಲ್ಲೇ ಬಿದ್ದಿದೆ! ಸಮಯ ನೋಡಿ 17 ಸೆಕೆಂಡ್ ಇಟ್ಟವರು 16 ಗ್ರೇ ಕೊಟ್ಟಿರುತ್ತಾರೆ. ಪ್ರತಿ ಹಂತದಲ್ಲೂ ಈ ಇಳಿದೇರುವ ಡೋಸನ್ನು ಕಳೆದು ಸಮಯ ಇಡಿ. ಸಣ್ಣ ಹಂತಗಳಿಗೆ ಹಳೆಯ, ಮಂದವಾದ ಚೇಂಬರ್ ಸಿಕ್ಕರೆ ಇನ್ನೂ ಒಳ್ಳೆಯದು.

ಚೇಂಬರ್ ನಡೆಸುವುದು ಅಲ್ಲಿನ ತರಬೇತಿ ಪಡೆದ ಆಪರೇಟರ್ ಮಾತ್ರ, ವಿಕಿರಣ ಸುರಕ್ಷತಾ ಅಧಿಕಾರಿಯ ಒಪ್ಪಿಗೆ ಮೇರೆಗೆ. ಮೈಗೆ ಬಿದ್ದ ಡೋಸ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎದೆಯ ಮೇಲಿಲ್ಲದೆ ಒಳಗೆ ಹೋಗಬೇಡಿ. ಗಾಮಾ ಹೊಡೆದ ಮಾದರಿ ತಾನೇ ವಿಕಿರಣ ಸೂಸುವುದಿಲ್ಲ, ಕೈಯಲ್ಲಿ ಹಿಡಿಯಬಹುದು. ಪ್ರೋಟಾನ್ ಹೊಡೆದದ್ದನ್ನು ಹಾಗೆ ಹಿಡಿಯಬಾರದು. ಸರ್ವೇ ಮೀಟರ್ ಸುಮ್ಮನಾಗುವವರೆಗೆ ಕಾಯಬೇಕು.

ಓಝೋನ್ ಕಾಟ

ಚೇಂಬರಿನೊಳಗಿನ ಗಾಳಿಗೆ ಗಾಮಾ ಬಿದ್ದರೆ ಓಝೋನ್ ಹುಟ್ಟುತ್ತದೆ. ಇಂಗಾಲದ ಒಂಟಿ ಪದರವಾದ ಗ್ರಾಫೀನ್ ಆಗಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಆಗಲಿ, ತೆರೆದ ಹಾಳೆಯನ್ನು ಅದು ಉತ್ಕರ್ಷಿಸುತ್ತದೆ. ಬಾಹ್ಯಾಕಾಶದ ನಿರ್ವಾತದಲ್ಲಿ ಈ ಓಝೋನ್ ಇರುವುದಿಲ್ಲ, ಅಂದರೆ ನೀವು ಅಲ್ಲಿ ಆಗದ ಹಾನಿಯನ್ನು ಇಲ್ಲಿ ಅಳೆಯುತ್ತಿರುತ್ತೀರಿ. ಡಬ್ಬಿಗೆ ಒಣ ನೈಟ್ರೋಜನ್ ತುಂಬಿ ಓ-ರಿಂಗ್ ಹಾಕಿ ಮುಚ್ಚಿ, ಒಂದು ಚಮಚ ಸಿಲಿಕಾ ಜೆಲ್ ಪೊಟ್ಟಣ ಇಡಿ. ಆ ರಬ್ಬರ್ ರಿಂಗನ್ನು ಒಂದೇ ಸರಣಿಗೆ ಬಳಸಿ, ಆಮೇಲೆ ಬದಲಿಸಿ.

ಒಡ್ಡಿದ ಮೇಲೆ ಅಳತೆ ಒಂದು ಗಂಟೆಯೊಳಗೆ ಶುರುವಾಗಬೇಕು, ಮುಂದಿನ ಹಂತಕ್ಕೆ ಎರಡು ಗಂಟೆಯೊಳಗೆ ಮತ್ತೆ ಒಳಗೆ ಹೋಗಬೇಕು. ರಾತ್ರಿ ಬಸ್ಸು ಹತ್ತಿ ಊರಿಗೆ ಬಂದು ಬೆಳಿಗ್ಗೆ ಅಳೆದರೆ ಸಿಕ್ಕ ಹೋಲ್‌ಗಳಲ್ಲಿ ಒಂದು ಪಾಲು ಆಗಲೇ ಖಾಲಿಯಾಗಿರುತ್ತದೆ. ಆದ್ದರಿಂದ ಎರಡು ಚಾನೆಲ್ಲಿನ ಸೋರ್ಸ್ ಮೀಟರನ್ನು, ಮುಚ್ಚಳವಿರುವ ಕರಿ ಡಬ್ಬಿಯನ್ನು ಚೇಂಬರ್ ಇರುವ ಊರಿಗೇ ಒಯ್ಯಿರಿ. ಡ್ರೈ ಐಸ್‌ನಲ್ಲಿ ಹೂತು ತಂದು ಮೂರು ದಿನದೊಳಗೆ ಅಳೆಯಲು ಮಾನದಂಡ ಒಪ್ಪುತ್ತದೆ, ನಿಜ. ಆದರೆ ಆ ಚಳಿಯಿಂದ ಹೊರತೆಗೆದ ಕೂಡಲೇ ತೆರೆದ ಹಾಳೆಯ ಮೇಲೆ ನೀರು ಕಟ್ಟುತ್ತದೆ. ಗಾಳಿಯಾಡದಂತೆ ಮುಚ್ಚಿದ ಸಿಲಿಕಾನ್ ಚಿಪ್ಪಿಗೆ ಹೇಳಿದ ಮದ್ದು ಇಲ್ಲಿಗೆ ನಡೆಯದು.

ಕರ್ವ್ ಓದುವುದು

100 ಗ್ರೇಗೆ ಎಷ್ಟು ಸರಿಯಬೇಕು ಎಂಬ ಅಂದಾಜು ಮೊದಲೇ ಇರಲಿ. ಹುಟ್ಟಿದ ಹೋಲ್‌ಗಳಲ್ಲಿ ನೂರಕ್ಕೆ ಐದು ಹಾಳೆಯ ಪಕ್ಕದಲ್ಲಿ ಸಿಕ್ಕಿಬಿದ್ದವು ಎಂದಿಟ್ಟುಕೊಂಡರೆ 300 ನ್ಯಾನೋಮೀಟರ್ ಆಕ್ಸೈಡಿನಲ್ಲಿ ಥ್ರೆಷೋಲ್ಡ್ ಸುಮಾರು 1.7 ವೋಲ್ಟ್ ಎಡಕ್ಕೆ ಹೋಗುತ್ತದೆ, 90 ನ್ಯಾನೋಮೀಟರಿನಲ್ಲಿ 0.15 ವೋಲ್ಟ್. ಸಂಖ್ಯೆಗಿಂತ ಅವುಗಳ ಅನುಪಾತ ಮುಖ್ಯ. ದಪ್ಪ ಹೆಚ್ಚಾದಷ್ಟೂ ಹುಟ್ಟುವ ಹೋಲ್‌ಗಳು ಹೆಚ್ಚು. ಜೊತೆಗೆ ಕೆಪ್ಯಾಸಿಟೆನ್ಸ್ ಕಡಿಮೆಯಾಗಿ ಪ್ರತಿ ಆವೇಶದ ಎಳೆತವೂ ಹೆಚ್ಚು. ಎರಡೂ ಸೇರಿ ದಪ್ಪದ ವರ್ಗದಂತೆ ಏರುತ್ತದೆ. 300ನ್ನು 90ರಿಂದ ಭಾಗಿಸಿ ವರ್ಗ ಮಾಡಿದರೆ 11.

ಹಾಳೆಯ ಮೇಲ್ಮೈಯಲ್ಲೇ ಅಂಟಿದ ಆಮ್ಲಜನಕ, ನೀರು ಅಥವಾ ಹಾಳೆಯೊಳಗಿನ ಕೊರತೆಯಿಂದ ಆವೇಶ ಬಂದಿದ್ದರೆ ಆ ಆವೇಶದ ಮೊತ್ತಕ್ಕೂ ಆಕ್ಸೈಡಿನ ದಪ್ಪಕ್ಕೂ ಸಂಬಂಧವಿಲ್ಲ. ಆಗ ಕೆಪ್ಯಾಸಿಟೆನ್ಸ್ ವ್ಯತ್ಯಾಸ ಮಾತ್ರ ಉಳಿದು ಅನುಪಾತ 3.3ಕ್ಕೆ ನಿಲ್ಲುತ್ತದೆ. ಅನುಪಾತ ಹನ್ನೊಂದರ ಹತ್ತಿರವಿದ್ದರೆ ತಪ್ಪು ತಳದ್ದು, ಮೂರರ ಹತ್ತಿರವಿದ್ದರೆ ಮೇಲ್ಮೈಯದು. ಎರಡು ವೇಫರಿಗೆ ಹಾಕಿದ ದುಡ್ಡು ಈ ಒಂದು ಭಾಗಾಕಾರದಲ್ಲಿ ವಾಪಸ್ ಬರುತ್ತದೆ. ನಡುವಿನ ಸಂಖ್ಯೆ ಬಂದರೆ ಅಲ್ಯೂಮಿನಾ ಹೊದಿಸಿದ ಮತ್ತು ತೆರೆದ ಮಾದರಿಗಳನ್ನು ಹೋಲಿಸಿ: ತೆರೆದವು ಮಾತ್ರ ಹೆಚ್ಚು ಸರಿದಿದ್ದರೆ ಗಾಳಿಯ ಪಾಲು ಅಷ್ಟು.

ಕರ್ವ್ ಆಕಾರ ಕೆಡದೆ ಇಡಿಯಾಗಿ ಎಡಕ್ಕೆ ಸರಿದಿದ್ದರೆ ಸಿಕ್ಕಿಬಿದ್ದ ಹೋಲ್‌ಗಳು. ಏರುವ ಭಾಗ ಮಲಗಿ, ಹಿಸ್ಟೆರಿಸಿಸ್ ಅಗಲವಾಗಿದ್ದರೆ ಹಾಳೆ-ಆಕ್ಸೈಡ್ ನಡುವೆ ಆವೇಶ ಹಿಡಿದಿಡುವ ಹೊಸ ಬಲೆಗಳು ಹುಟ್ಟಿವೆ. ಥ್ರೆಷೋಲ್ಡ್ ಅಲ್ಲೇ ಇದ್ದು ಆನ್ ಕರೆಂಟ್ ಮಾತ್ರ ಇಳಿದಿದ್ದರೆ ಮೂರು ಉದ್ದದ ಚಾನೆಲ್‌ಗಳ ರೋಧವನ್ನು ಉದ್ದಕ್ಕೆ ಎದುರಾಗಿ ಗುರುತಿಸಿ. ಗೆರೆಯ ಇಳಿಜಾರು ಹಾಗೇ ಇದ್ದು ಸೊನ್ನೆ ಉದ್ದದಲ್ಲಿ ಅದರ ಎತ್ತರ ಏರಿದ್ದರೆ ಕೆಟ್ಟಿರುವುದು ಚಿನ್ನದ ಸಂಪರ್ಕ. ಬಲಕ್ಕೆ ಸರಿದಿದ್ದರೆ ಮೊದಲ ಅನುಮಾನ ಆಮ್ಲಜನಕದ ಮೇಲೆ. ಕಿರಣ ಕಾಣದ ಮೂರನೇ ಗುಂಪೂ ಅಷ್ಟೇ ಸರಿದಿದ್ದರೆ ವಿಕಿರಣದ ಸುದ್ದಿಯನ್ನೇ ಎತ್ತಬೇಡಿ.

ಕೊನೆಯ ಹಂತದ ನಂತರ ಅದೇ ಗೇಟ್ ವೋಲ್ಟೇಜಿನಲ್ಲಿ ಕೊಠಡಿ ತಾಪದಲ್ಲಿ 24 ಗಂಟೆ, ಆಮೇಲೆ 100 ಡಿಗ್ರಿಯಲ್ಲಿ 168 ಗಂಟೆ ಇಟ್ಟು ಅಳೆಯಿರಿ. ಹೋಲ್‌ಗಳು ಬೇಗ ಬಿಡುಗಡೆಯಾಗುತ್ತವೆ, ನಡುವಿನ ಬಲೆಗಳು ಬೇಗ ಹೋಗುವುದಿಲ್ಲ. ಹಾಗಾಗಿ ಎಡಕ್ಕೆ ಹೋಗಿದ್ದ ಥ್ರೆಷೋಲ್ಡ್ ಮೂಲ ಜಾಗ ದಾಟಿ ಬಲಕ್ಕೂ ಬರಬಹುದು. ವರ್ಷಗಟ್ಟಲೆ ನಿಧಾನವಾಗಿ ಡೋಸ್ ಉಣ್ಣುವ ಉಪಗ್ರಹದಲ್ಲಿ ಕಾಣುವುದು ಈ ಎರಡನೇ ಮುಖವೇ.

ಪ್ರೋಟಾನ್, ಎಲೆಕ್ಟ್ರಾನ್

ಗಾಮಾ ಮುಗಿಸಿಯೇ ಇತ್ತ ಬನ್ನಿ. ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೊಟ್ರಾನ್ 8 ಎಂಇವಿ ಎಲೆಕ್ಟ್ರಾನ್ ಕೊಡುತ್ತದೆ. ಚದರ ಸೆಂಟಿಮೀಟರಿಗೆ ಸುಮಾರು 4×10⁹ ಎಲೆಕ್ಟ್ರಾನ್ ಬಿದ್ದರೆ ಸಿಲಿಕಾನ್‌ನಲ್ಲಿ 1 ಗ್ರೇ. ಪ್ರೋಟಾನ್ ಲೆಕ್ಕದಲ್ಲಿ ಎಚ್ಚರ ಹೆಚ್ಚು ಬೇಕು. ಚದರ ಸೆಂಟಿಮೀಟರಿಗೆ 10 ಎಂಇವಿಯ 10¹² ಪ್ರೋಟಾನ್ ಎಂದರೆ ಕೇಳಲು ಆರಂಭದ ಹಂತದಂತೆ ಕಾಣುತ್ತದೆ, ಆದರೆ ಅದು 5000 ಗ್ರೇ ಮೀರುತ್ತದೆ, ಭೂಸ್ಥಿರ ಕಕ್ಷೆಯ ಹತ್ತು ವರ್ಷದ ಹಲವು ಪಟ್ಟು. ಪರಮಾಣು ಕಿತ್ತುಹೋಗುವುದನ್ನು ನೋಡಲು 10¹³, 10¹⁴ ತನಕ ಹೋಗುವವರು ಆಕ್ಸೈಡಿನ ಮೇಲೆ ಬಿದ್ದ ಅಷ್ಟೂ ಡೋಸನ್ನು ಪಕ್ಕದಲ್ಲೇ ಬರೆಯಬೇಕು. ಕ್ಷೇತ್ರವಿಲ್ಲದ, ಆಕ್ಸೈಡೇ ಇಲ್ಲದ ಹಾಳೆಯೊಂದನ್ನು ಅದೇ ಕಿರಣದಲ್ಲಿಟ್ಟು ರಾಮನ್ ನೋಡುವುದು ಇದಕ್ಕಿಂತ ನೇರ ದಾರಿ. ಮಾಲಿಬ್ಡಿನಮ್ ಡೈಸಲ್ಫೈಡಿನಲ್ಲಿ 227ರ ಹತ್ತಿರ ಹೊಸ ಶಿಖರ, ಗ್ರಾಫೀನಿನಲ್ಲಿ 1350ರ ಹತ್ತಿರ ಶಿಖರ ಎದ್ದರೆ ಜಾಲರಿ ಹರಿದಿದೆ. ಆಗ ಮಾತ್ರ ‘ಹಾಳೆಗೆ ಹಾನಿ’ ಎಂದು ಬರೆಯಿರಿ.

ಎಲ್ಲ ವಿದ್ಯುತ್ ಅಳತೆ ಮುಗಿದು, ಫೈಲುಗಳನ್ನು ಎರಡು ಕಡೆ ಉಳಿಸಿಕೊಂಡ ಮೇಲೆ ಮಾದರಿಯನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಕೊಡಬಹುದು. ಡೆಸಿಕೇಟರಿನಲ್ಲಿ ಉಳಿಸಿದ ನಾಲ್ಕನೇ ಗುಂಪನ್ನು ಮಾತ್ರ ಕೊಡಬೇಡಿ. ಅದನ್ನು ತಿಂಗಳಿಗೊಮ್ಮೆ ಅಳೆಯುತ್ತ, ಮಳೆಗಾಲ ದಾಟುವವರೆಗೆ ಇಟ್ಟುಕೊಳ್ಳಿ.